ನನಗೆ ಅನ್ನ ಮಾಡಲು ಕಲಿಸಿದಿರಂತೆ: ಒಂದು ಚಾರಿಟಿಯ ಟ್ರಸ್ಟಿಗಳಿಗೆ ಬಹಿರಂಗ ಪತ್ರ

ಮಾನ್ಯ ಟ್ರಸ್ಟಿಗಳೇ,

ನಿಮಗೆ ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ. ಮೊದಲನೆಯದಕ್ಕೆ ‘ನಿಮ್ಮ ಅನಿಸಿಕೆಗೆ ಧನ್ಯವಾದ’ ಅಂತ ಕಂಪ್ಯೂಟರ್ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಅದೂ ಇಲ್ಲ. ಮೂರನೆಯದು ತಲುಪಿದ ಒಂಬತ್ತನೇ ದಿನ, ಸೂರಿಲ್ಲದವನಿಗೆ ಅಂತ ನೀವೇ ಕೊಟ್ಟ ರೂಮು ಖಾಲಿ ಮಾಡಿ ಅಂತ ನೋಟಿಸ್ ಬಂತು. ಹಾಗಾಗಿ ನಾಲ್ಕನೆಯದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಒಬ್ಬರಿಗೂ ಇದನ್ನು ಓದಲು ಬರುವುದಿಲ್ಲ, ಗೊತ್ತು. ಬರುವ ಭಾಷೆಯಲ್ಲಿ ಬರೆದಾಗಲೂ ಓದಲಿಲ್ಲ ಅಲ್ವಾ, ಅದರಿಂದ ನನಗೇನೂ ನಷ್ಟವಿಲ್ಲ. ನನ್ನ ಜನರಾದರೂ ಓದಲಿ. ಇಂಗ್ಲೆಂಡಿನ ಹೋಟೆಲ್ ಅಡುಗೆಮನೆಗಳಲ್ಲಿ, ಕೇರ್ ಹೋಮ್‌ಗಳಲ್ಲಿ, ಗೋದಾಮುಗಳಲ್ಲಿ ಕನ್ನಡದವರು ಈಗ ಬೇಕಾದಷ್ಟಿದ್ದಾರೆ. ಅವರಲ್ಲಿ ಯಾರಿಗಾದರೂ ನಾಳೆ ನನ್ನ ಗತಿ ಬಂದರೆ, ಸಹಿ ಹಾಕುವ ಮೊದಲು ಇದನ್ನು ಒಮ್ಮೆ ಓದಿರಲಿ.

ನಿಮ್ಮ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಹೆಸರು ಹಾಕಿದರೆ ಜಗಳ ಹೆಸರಿನದಾಗುತ್ತದೆ, ವಿಷಯ ಪಕ್ಕಕ್ಕೆ ಸರಿಯುತ್ತದೆ.

ಮೊದಲು ಋಣದ ಮಾತು ಮುಗಿಸಿಬಿಡುತ್ತೇನೆ. ನಾನು ಕುಂದಾಪುರದ ಕಡೆಯವನು. 2005ರಲ್ಲಿ ವರ್ಕ್ ಪರ್ಮಿಟ್ ಮೇಲೆ ಅಡುಗೆಯವನಾಗಿ ಇಲ್ಲಿಗೆ ಬಂದೆ. ಹದಿನೆಂಟು ವರ್ಷ ಒಂದೇ ಹೋಟೆಲಿನಲ್ಲಿ ಕೆಲಸ, ಅದರ ಮಹಡಿ ಮೇಲಿನ ರೂಮಿನಲ್ಲಿ ವಾಸ. ಬೆಳಗ್ಗೆ ಮೆಟ್ಟಿಲು ಇಳಿದರೆ ಕೆಲಸ, ರಾತ್ರಿ ಮೆಟ್ಟಿಲು ಹತ್ತಿದರೆ ಮನೆ. ಮದುವೆ ಆಗಲಿಲ್ಲ, ಅದು ಬೇರೆ ಕಥೆ. 2023ರ ಕೊನೆಯಲ್ಲಿ ಸಾಹುಕಾರರು ಹೋಟೆಲ್ ಮುಚ್ಚಿದರು. ಕೆಲಸದ ಜೊತೆ ಬಂದ ರೂಮು ಕೆಲಸದ ಜೊತೆಗೇ ಹೋಯಿತು. ಮೂರು ವಾರ ಗೆಳೆಯನ ಸೋಫಾ, ಆಮೇಲೆ ಇನ್ನೊಬ್ಬ ಗೆಳೆಯನ ಕಾರು. ಮಧ್ಯಾಹ್ನ ಗುರುದ್ವಾರದ ಲಂಗರಿನಲ್ಲಿ ಊಟ. ಅಲ್ಲಿ ಸುಮ್ನೆ ಉಂಡು ಏಳಲು ಮನಸ್ಸಾಗದೆ ಪಾತ್ರೆ ತೊಳೆಯುತ್ತಿದ್ದೆ.

ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ ಕಚೇರಿಗೆ ಹೋದೆ. 2017ರ ಹೋಮ್‌ಲೆಸ್‌ನೆಸ್ ರಿಡಕ್ಷನ್ ಕಾಯ್ದೆ ಪ್ರಕಾರ ಸೂರಿಲ್ಲದೆ ಬಂದ ಅರ್ಹರೆಲ್ಲರಿಗೂ ಕೌನ್ಸಿಲ್ 56 ದಿನ ಮನೆ ಹುಡುಕಲು ನೆರವಾಗಬೇಕು. ನೆರವಾಗಬೇಕು ಅಂದರೆ ಮನೆ ಕೊಡಬೇಕು ಅಂತಲ್ಲ. ಮಕ್ಕಳಿರುವವರು, ಗರ್ಭಿಣಿಯರು, ಕಾಯಿಲೆಯವರು ‘ಪ್ರಯಾರಿಟಿ ನೀಡ್’, ಅಂದರೆ ಸೂರಿಗೆ ಆದ್ಯತೆ ಇರುವವರ ಪಟ್ಟಿಗೆ ಬರುತ್ತಾರೆ. ಗಟ್ಟಿಮುಟ್ಟಾದ ಒಂಟಿ ಗಂಡಸಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅಲ್ಲಿನ ಅಧಿಕಾರಿ ಒಂದು ಚೀಟಿಯಲ್ಲಿ ನಿಮ್ಮ ಫೋನ್ ನಂಬರ್ ಬರೆದುಕೊಟ್ಟರು.

2024ರ ಜನವರಿಯ ಆ ರಾತ್ರಿ ನಿಮ್ಮವರೇ ಬಾಗಿಲು ತೆಗೆದದ್ದು. ಒಬ್ಬ ಹುಡುಗಿ, ಇಪ್ಪತ್ತೈದು ವರ್ಷವೂ ಆಗಿರಲಿಕ್ಕಿಲ್ಲ. ಬೀಗದ ಕೈ, ಒಂದು ಟವೆಲ್, ಒಂದು ಕೆಟಲ್, ಪ್ಲಾಸ್ಟಿಕ್ ಕವರ್ ಬಿಚ್ಚದ ಹೊದಿಕೆ ಕೊಟ್ಟಳು. ಅವಳು ಹೋದ ಮೇಲೆ ರೇಡಿಯೇಟರ್ ಮೇಲೆ ಎರಡೂ ಕೈ ಇಟ್ಟು ಹತ್ತು ನಿಮಿಷ ಹಾಗೇ ನಿಂತಿದ್ದೆ. ಈ ಪತ್ರದಲ್ಲಿ ಮುಂದೆ ಏನೇ ಬರೆದರೂ ಆ ರಾತ್ರಿಯನ್ನು ಅಳಿಸಲು ಬರೆದದ್ದಲ್ಲ. ಆ ಹುಡುಗಿ ನಾಲ್ಕು ತಿಂಗಳು ನನ್ನ ಕೀ ವರ್ಕರ್, ಅಂದರೆ ನನ್ನ ಬೇಕು ಬೇಡ ನೋಡಿಕೊಳ್ಳುವ ಸಿಬ್ಬಂದಿ ಆಗಿದ್ದಳು. ಯೂನಿವರ್ಸಲ್ ಕ್ರೆಡಿಟ್ ಅನ್ನುವ ಸರ್ಕಾರಿ ನೆರವಿನ ಅರ್ಜಿ ತುಂಬಿಸಿದಳು, ಕಳೆದುಹೋಗಿದ್ದ ಪಾಸ್‌ಪೋರ್ಟ್ ಮಾಡಿಸಿಕೊಟ್ಟಳು. ಮೇ ತಿಂಗಳಲ್ಲಿ ಕೆಲಸ ಬಿಟ್ಟಳು. ಒಬ್ಬಳ ಮೇಲೆ ಎಷ್ಟು ಮನೆಗಳನ್ನು ಹೊರಿಸಿದ್ದಿರಿ ಅಂತ ಅವಳ ಕಣ್ಣ ಕೆಳಗಿನ ಕಪ್ಪು ನೋಡಿದರೇ ಗೊತ್ತಾಗುತ್ತಿತ್ತು. ಅವಳ ನಂತರ ನನಗೆ ಮೂವರು ಕೀ ವರ್ಕರ್‌ಗಳು ಬದಲಾಗಿದ್ದಾರೆ. ಈಗಿನವರ ಮುಖವನ್ನು ಎರಡೇ ಸಲ ನೋಡಿದ್ದೇನೆ.

ಈಗ ಹಣದ ವಿಷಯ. ಇದು ನಮ್ಮವರಿಗೆ ಗೊತ್ತಿರುವುದಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನಿರುವುದು ಐದು ರೂಮಿನ ಮನೆ. ಐದು ಜನ, ಒಂದು ಅಡುಗೆಮನೆ, ಒಂದು ಬಚ್ಚಲು. ಮನೆ ನಿಮ್ಮದಲ್ಲ, ಖಾಸಗಿ ಮಾಲೀಕರಿಂದ ಲೀಸಿಗೆ ತೆಗೆದುಕೊಂಡಿದ್ದೀರಿ. ಇದೇ ಬೀದಿಯಲ್ಲಿ ಇಂಥದೇ ರೂಮು ವಾರಕ್ಕೆ ಸುಮಾರು 100 ಪೌಂಡಿಗೆ ಸಿಗುತ್ತದೆ. ನನ್ನ ರೂಮಿಗೆ ನೀವು ಹಾಕುವ ಬಾಡಿಗೆ ವಾರಕ್ಕೆ 238 ಪೌಂಡು. ಅದನ್ನು ಕೌನ್ಸಿಲ್ ಹೌಸಿಂಗ್ ಬೆನಿಫಿಟ್ ಅನ್ನುವ ಬಾಡಿಗೆ ನೆರವಾಗಿ ನೇರವಾಗಿ ನಿಮಗೆ ಕೊಡುತ್ತದೆ. ಕರೆಂಟು, ಗ್ಯಾಸು, ನೀರು ಅಂತ ಮತ್ತೆ 17 ಪೌಂಡು ನನ್ನ ಜೇಬಿನಿಂದ.

ಬೇರೆ ಬಾಡಿಗೆದಾರರಿಗೆ ಸರ್ಕಾರ ಕೊಡುವ ನೆರವಿಗೆ ಊರೂರಿಗೆ ಒಂದು ಮಿತಿ ಇದೆ. ನಮ್ಮಂಥ ಮನೆಗಳಿಗೆ ಆ ಮಿತಿ ಇಲ್ಲ. ಇದಕ್ಕೆ ‘ಎಕ್ಸೆಂಪ್ಟ್ ಅಕಾಮೊಡೇಶನ್’ ಅನ್ನುತ್ತಾರೆ. ಮನೆ ಕೊಡುವವರು ಚಾರಿಟಿಯೋ ಹೌಸಿಂಗ್ ಅಸೋಸಿಯೇಶನ್ನೋ ಅಂಥದೇ ಲಾಭರಹಿತ ಸಂಸ್ಥೆಯೋ ಆಗಿರಬೇಕು, ಜೊತೆಗೆ ಅಲ್ಲಿರುವವರಿಗೆ ಆರೈಕೆ, ಸಪೋರ್ಟ್ ಅಥವಾ ಮೇಲ್ವಿಚಾರಣೆ ಕೊಡಬೇಕು. ಆ ಸಪೋರ್ಟ್ ಎಷ್ಟಿರಬೇಕು? ಹೆಸರಿಗೆ ಮಾತ್ರ ಇರುವುದಕ್ಕಿಂತ ಜಾಸ್ತಿ ಇರಬೇಕು, ಅಷ್ಟೇ. ಇದಕ್ಕಿಂತ ಗಟ್ಟಿಯಾದ ಅಳತೆಗೋಲು ಹೌಸಿಂಗ್ ಬೆನಿಫಿಟ್ ನಿಯಮದಲ್ಲಿ ಇಲ್ಲ.

ಅಂದರೆ ನನ್ನ ರೂಮಿನ ಬಾಡಿಗೆಗೂ ಪಕ್ಕದ ಮನೆಯ ರೂಮಿನ ಬಾಡಿಗೆಗೂ ಇರುವ ಅಂತರ ನಿಂತಿರುವುದು ‘ಸಪೋರ್ಟ್’ ಅನ್ನುವ ಒಂದು ಪದದ ಮೇಲೆ. ತಮಾಷೆ ಏನೆಂದರೆ, ಹೌಸಿಂಗ್ ಬೆನಿಫಿಟ್ ಆ ಸಪೋರ್ಟಿಗೆ ಹಣ ಕೊಡುವುದಿಲ್ಲ. ಬಾಡಿಗೆಗೆ, ಮನೆ ನೋಡಿಕೊಳ್ಳುವ ಖರ್ಚಿಗೆ ಮಾತ್ರ ಕೊಡುತ್ತದೆ. ಸಪೋರ್ಟಿಗೆ ಅಂತಲೇ ಸರ್ಕಾರ 2003ರಲ್ಲಿ ‘ಸಪೋರ್ಟಿಂಗ್ ಪೀಪಲ್’ ಅನ್ನುವ ನಿಧಿ ಶುರು ಮಾಡಿತ್ತು. 2009ರಲ್ಲಿ ಆ ಹಣವನ್ನು ಅದಕ್ಕೇ ಖರ್ಚು ಮಾಡಬೇಕೆಂಬ ಕಟ್ಟು ತೆಗೆದರು. ಆಮೇಲೆ ಕೌನ್ಸಿಲ್‌ಗಳ ಬಜೆಟ್ಟಿಗೆ ಕತ್ತರಿ ಬಿತ್ತು, ಆ ಹಣ ಎಲ್ಲೆಲ್ಲೋ ಹರಿದುಹೋಯಿತು. ನಿಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಅಂತ ದಯವಿಟ್ಟು ತಿಳಿಯಬೇಡಿ. ಹೋಟೆಲಿನಲ್ಲಿದ್ದವನು ನಾನು. ತೆಂಗಿನಕಾಯಿಗೆ ದುಡ್ಡು ಕೊಡದೆ ಚಟ್ನಿ ಮಾಡು ಅಂದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಆದರೆ ಕಾಯಿ ಇಲ್ಲದಿದ್ದರೆ ಇವತ್ತು ಚಟ್ನಿ ಇಲ್ಲ ಅಂತ ಬೋರ್ಡು ಹಾಕುತ್ತಿದ್ದೆವು. ಖಾಲಿ ಬಟ್ಟಲು ಇಟ್ಟು ಬಿಲ್ಲಿನಲ್ಲಿ ಚಟ್ನಿ ಬರೆಯುತ್ತಿರಲಿಲ್ಲ.

ನನ್ನ ಸಪೋರ್ಟ್ ಹೇಗಿದೆ ಅಂತ ಹೇಳಲೇ? ಪ್ರತಿ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ನನ್ನ ‘ಸಪೋರ್ಟ್ ಸೆಷನ್’. ಅಗ್ರಿಮೆಂಟಿನಲ್ಲಿ ಹಾಗೆ ಬರೆದಿದೆ. ಬರುವುದು ಮೊಬೈಲಿಗೆ ಒಂದು ಮೆಸೇಜು: ‘ಹಾಯ್, ಎಲ್ಲ ಚೆನ್ನಾಗಿದೆಯಾ?’ ಚೆನ್ನಾಗಿದೆ ಅಂತ ಉತ್ತರ ಕೊಟ್ಟರೆ ಹೆಬ್ಬೆರಳಿನ ಚಿತ್ರ. ಒಂದು ಸಲ ‘ಚೆನ್ನಾಗಿಲ್ಲ, ಬಚ್ಚಲಿನ ಗೋಡೆಗೆಲ್ಲ ಬೂಷ್ಟು ಹಿಡಿದಿದೆ’ ಅಂತ ಬರೆದೆ. ಆಗಲೂ ಹೆಬ್ಬೆರಳೇ ಬಂತು.

ಇದರಿಂದಲೇ ಮೊದಲನೇ ಪತ್ರ ಬರೆದದ್ದು. ಜಗಳಕ್ಕಲ್ಲ. ವಾರಕ್ಕೆ ಒಂದು ಗಂಟೆ ಒಬ್ಬ ಮನುಷ್ಯ ಬಂದು ಕೂತರೆ, ನಾನು ಖಾಸಗಿ ಬಾಡಿಗೆ ಮನೆ ಹುಡುಕಿಕೊಂಡು ಈ ರೂಮನ್ನು ಇನ್ನೊಬ್ಬರಿಗೆ ಬಿಡಬಹುದು ಅಂತ ಬರೆದಿದ್ದೆ. ಡೆಪಾಸಿಟ್ ಹೇಗೆ ಹೊಂದಿಸುವುದು, ಹದಿನೆಂಟು ವರ್ಷ ಬಾಡಿಗೆ ಚೀಟಿಯೇ ಇಲ್ಲದವನು ಮಾಲೀಕರಿಗೆ ಯಾವ ರೆಫರೆನ್ಸ್ ಕೊಡುವುದು, ಇಷ್ಟೇ ನನಗೆ ಬೇಕಿದ್ದದ್ದು.

ಎರಡನೇ ಪತ್ರಕ್ಕೂ ಉತ್ತರ ಬರದಾಗ, ಜನರಿಗೆ ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಕಚೇರಿಗೆ ಹೋದೆ. ಅಲ್ಲಿ ಸ್ವಯಂಸೇವಕಿಯಾಗಿ ಕೂತಿದ್ದ ಅಜ್ಜಿಯೊಬ್ಬರು ಎಲ್ಲ ಕೇಳಿಸಿಕೊಂಡು, ‘ನಿನ್ನ ಫೈಲ್ ತರಿಸು’ ಅಂದರು. ಯಾವ ಸಂಸ್ಥೆಯೇ ಆಗಲಿ, ನಮ್ಮ ಬಗ್ಗೆ ಬರೆದಿಟ್ಟುಕೊಂಡದ್ದನ್ನು ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಪುಕ್ಕಟೆಯಾಗಿ ಕೊಡಬೇಕು. ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್ ಅನ್ನುತ್ತಾರೆ. ಇಂಥ ಮನೆಯಲ್ಲಿ ಇರುವ ಪ್ರತಿಯೊಬ್ಬರೂ ಇದನ್ನು ಒಮ್ಮೆ ಮಾಡಬೇಕು. ನಾನು ಮಾಡಿದೆ. 112 ಪುಟ ಬಂತು.

ಲೈಬ್ರರಿಯಲ್ಲಿ ಕೂತು ಓದಿದೆ. ಮೊದಲ ನಾಲ್ಕು ತಿಂಗಳದ್ದು ಆ ಹುಡುಗಿಯ ಬರವಣಿಗೆ. ಚಿಕ್ಕ ಚಿಕ್ಕ ವಾಕ್ಯ, ಎಲ್ಲ ನಿಜ. ಆಮೇಲಿನದು ಓದುತ್ತ ಓದುತ್ತ, ಇದು ನನ್ನ ಫೈಲೇ ಹೌದೋ ಅಲ್ಲವೋ ಅಂತ ಮೇಲೆ ಹೆಸರು ನೋಡಿಕೊಂಡೆ. ಪ್ರತಿ ಮಂಗಳವಾರ ನಾನು ಒಬ್ಬರನ್ನು ಭೇಟಿಯಾಗಿದ್ದೇನೆ. ಖರ್ಚುವೆಚ್ಚದ ಬಗ್ಗೆ ಚರ್ಚಿಸಿದ್ದೇನೆ. ನನ್ನನ್ನು ಡಾಕ್ಟರ ಹತ್ತಿರ ನೋಂದಾಯಿಸಿದ್ದಾರೆ. ನಾನು 2006ರಿಂದಲೂ ಅದೇ ಡಾಕ್ಟರ ಕ್ಲಿನಿಕ್ಕಿಗೆ ಹೋಗುವವನು. ಒಂದು ಕಡೆ ನನ್ನ ಸಹಿಯ ಜಾಗದಲ್ಲಿ ‘ಕ್ಲೈಂಟ್ ಬಾಯಿಮಾತಿನಲ್ಲಿ ಒಪ್ಪಿದ್ದಾರೆ’ ಅಂತಿದೆ.

67ನೇ ಪುಟದಲ್ಲಿ ಇದು ಸಿಕ್ಕಿತು. ಕನ್ನಡದಲ್ಲಿ ಬರೆದರೆ ಹೀಗೆ: ‘ಸ್ವತಂತ್ರ ಬದುಕಿನ ಕೌಶಲ: ಅಡುಗೆ. ಅನ್ನ ಮಾಡುವ ವಿಧಾನ ತೋರಿಸಲಾಯಿತು. ಕ್ಲೈಂಟ್ ಆಸಕ್ತಿಯಿಂದ ಭಾಗವಹಿಸಿದರು. ಆತ್ಮವಿಶ್ವಾಸ ಹೆಚ್ಚಿದೆ. 45 ನಿಮಿಷ.’

ಜೋರಾಗಿ ನಕ್ಕುಬಿಟ್ಟೆ. ಲೈಬ್ರರಿಯಾಕೆ ತಿರುಗಿ ನೋಡಿದರು. ಟ್ರಸ್ಟಿಗಳೇ, ನಾನು ಹದಿನಾರನೇ ವಯಸ್ಸಿಗೆ ಮದುವೆಮನೆಯ ಅಡುಗೆಯವರ ಜೊತೆ ಸೇರಿದವನು. ಬೆಳಗಿನ ಜಾವ ಎದ್ದು ಆರುನೂರು ಎಲೆಗೆ ಕೊಪ್ಪರಿಗೆಯಲ್ಲಿ ಅನ್ನ ಬೇಯಿಸಿ, ಗಂಜಿ ಬಸಿದು, ಚಾಪೆ ಮೇಲೆ ಹರಡಿದ ಕೈ ಇದು. ನೀರು ಎಷ್ಟಿಡಬೇಕು ಅಂತ ಅಕ್ಕಿಯನ್ನು ಬೆರಳಲ್ಲಿ ಉಜ್ಜಿ ನೋಡಿ ಹೇಳುತ್ತೇನೆ, ಹೊಸ ಅಕ್ಕಿಯೋ ಹಳೆಯದೋ ಅಂತ. ಅಂಥವನಿಗೆ ನಿಮ್ಮವರು ಮುಕ್ಕಾಲು ಗಂಟೆ ಅನ್ನ ಮಾಡಲು ಕಲಿಸಿದ್ದಾರಂತೆ. ನನ್ನ ಆತ್ಮವಿಶ್ವಾಸವೂ ಹೆಚ್ಚಿದೆಯಂತೆ.

ಪಕ್ಕದ ರೂಮಿನ ಪೋಲೆಂಡಿನ ಗೆಳೆಯನಿಗೆ ತೋರಿಸಿದೆ. ಅವನೂ ಫೈಲ್ ತರಿಸಿದ. ಅವನಿಗೂ ಅದೇ ದಿನ, ಅದೇ ಅನ್ನ, ಅದೇ 45 ನಿಮಿಷ. ಒಂದು ಅಕ್ಷರ ಆಚೀಚೆ ಇಲ್ಲ. ಅವನು ಅನ್ನವನ್ನೇ ತಿನ್ನುವುದಿಲ್ಲ.

ನಗು ಸಂಜೆವರೆಗೆ ಇತ್ತು. ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ಓದುವ ಕೌನ್ಸಿಲ್‌ನವರಿಗೆ, ನಾಳೆ ಮನೆ ಕೊಡುವ ಇನ್ನೊಂದು ಸಂಸ್ಥೆಯವರಿಗೆ ನಾನು ಯಾರು? ಐವತ್ತು ದಾಟಿದರೂ ಅನ್ನ ಬೇಯಿಸಿಕೊಳ್ಳಲು ಬಾರದ ಒಬ್ಬ ಗಂಡಸು. ನನ್ನ ಹತ್ತಿರ ಆಸ್ತಿ ಇಲ್ಲ, ಮನೆ ಇಲ್ಲ. ಇದ್ದದ್ದು ಒಂದು ಕಸುಬು. ನಿಮ್ಮ ಫೈಲಿನಲ್ಲಿ ಅದೂ ಹೋಯಿತು.

ಕೆಲಸದ ವಿಷಯವೂ ಹಾಗೆಯೇ. ಕಳೆದ ವರ್ಷ ಒಂದು ಶಾಲೆಯ ಕ್ಯಾಂಟೀನಿನಲ್ಲಿ ವಾರಕ್ಕೆ 30 ಗಂಟೆಯ ಕೆಲಸ ಸಿಗುವುದಿತ್ತು. ಆಗಿನ ಕೀ ವರ್ಕರ್‌ಗೆ ಫೋನ್ ಮಾಡಿ ಖುಷಿಯಿಂದ ಹೇಳಿದೆ. ಅವರು ಗಾಬರಿಯಾದರು. ‘ಬೇಡ, ಗಂಟೆ ಕಡಿಮೆ ಇರುವುದು ನೋಡಿ’ ಅಂದರು. ಲೆಕ್ಕ ಹೀಗೆ: ದುಡಿಮೆ ಸ್ವಲ್ಪ ಇರುವವರೆಗೆ ಯೂನಿವರ್ಸಲ್ ಕ್ರೆಡಿಟ್ ಕರಗುತ್ತ ಬರುತ್ತದೆ, ಬಾಡಿಗೆ ಪೂರ್ತಿ ಕೌನ್ಸಿಲ್ ಕೊಡುತ್ತದೆ. ಕ್ರೆಡಿಟ್ ಪೂರ್ತಿ ನಿಂತ ಮೇಲೆ, ನಿಗದಿ ಮಾಡಿದ ಮೊತ್ತಕ್ಕಿಂತ ಮೇಲೆ ಕೈಗೆ ಬರುವ ಪ್ರತಿ ಪೌಂಡಿಗೂ ಹೌಸಿಂಗ್ ಬೆನಿಫಿಟ್‌ನಲ್ಲಿ 65 ಪೆನ್ನಿ ಕಡಿತ. ಬಾಡಿಗೆ 100 ಪೌಂಡಿನದಾಗಿದ್ದರೆ ಹೇಗೋ ತೂಗಿಸಬಹುದು. 238ಕ್ಕೆ ಶಾಲೆಯ ಅಡುಗೆಯವನ ಸಂಬಳ ಎಲ್ಲಿ ಸಾಲುತ್ತದೆ? ಬೀದಿಯಿಂದ ಎತ್ತಿ ದುಡಿಮೆಗೆ ಹಚ್ಚಲು ಅಂತ ಇರುವ ಮನೆ, ದುಡಿದರೆ ಉಳಿಯದ ಮನೆ. ಈ ನಿಯಮ ನೀವು ಮಾಡಿದ್ದಲ್ಲ, ಒಪ್ಪಿದೆ. ಆದರೆ ಕೆಲಸ ಬೇಡ ಅಂತ ಹೇಳಿದವರು ನಿಮ್ಮವರು. ಆ ವಾರ ನನ್ನ ಫೈಲಿನಲ್ಲಿ ಬರೆದದ್ದು ಏನು ಗೊತ್ತಾ? ‘ಕ್ಲೈಂಟ್ ಇನ್ನೂ ಕೆಲಸಕ್ಕೆ ಸಿದ್ಧರಿಲ್ಲ.’

ಈಗ ನಾನು ಶುಕ್ರವಾರ, ಶನಿವಾರ ಒಂದು ದೋಸೆ ಅಂಗಡಿಯಲ್ಲಿ ಹನ್ನೆರಡು ಗಂಟೆ ಕಾವಲಿ ಮುಂದೆ ನಿಲ್ಲುತ್ತೇನೆ.

ಫೈಲಿನ ಪುಟಗಳನ್ನು ಲಗತ್ತಿಸಿ ಮೂರನೇ ಪತ್ರ ಬರೆದೆ. ಉತ್ತರವಾಗಿ ನೋಟಿಸ್ ಬಂತು. 28 ದಿನ. ಕಾರಣದ ಜಾಗದಲ್ಲಿ: ‘ಸಪೋರ್ಟಿಗೆ ಸ್ಪಂದಿಸುತ್ತಿಲ್ಲ.’ ಇದನ್ನು ಎಷ್ಟು ಸಲ ಓದಿದೆನೋ. ಬಡಿಸದವರು, ಉಣ್ಣಲಿಲ್ಲ ಅಂತ ಎಲೆ ಎತ್ತಿಸುತ್ತಿದ್ದಾರೆ. ಮಂಗಳವಾರದ ಮೆಸೇಜಿಗೆ ನಾನು ಉತ್ತರ ಕೊಡದೆ ಬಿಟ್ಟದ್ದು ನಿಜ, ಬೂಷ್ಟಿನ ವಿಷಯಕ್ಕೆ ಹೆಬ್ಬೆರಳು ಬಂದ ಮೇಲೆ ಐದಾರು ವಾರ. ಅದು ನನ್ನ ತಪ್ಪು ಅನ್ನುವುದಾದರೆ ಅನ್ನಿ.

ದೂರು ಎಲ್ಲಿಗೆ ಕೊಡುವುದು? ನೀವು ನೋಂದಾಯಿತ ಸೋಶಿಯಲ್ ಲ್ಯಾಂಡ್‌ಲಾರ್ಡ್ ಆಗಿದ್ದರೆ ಬಾಡಿಗೆದಾರರ ದೂರು ವಿಚಾರಿಸುವ ಹೌಸಿಂಗ್ ಓಂಬುಡ್ಸ್‌ಮನ್ ಇದ್ದರು. ಅಂಥ ಸಂಸ್ಥೆಗಳು ದೂರನ್ನು ದಾಖಲಿಸಿಕೊಂಡ ಮೇಲೆ 10 ಕೆಲಸದ ದಿನಗಳಲ್ಲಿ ಉತ್ತರಿಸಬೇಕು ಅಂತ 2024ರ ಏಪ್ರಿಲ್‌ನಿಂದ ಕಡ್ಡಾಯ ಸಂಹಿತೆ ಇದೆ. ನೀವು ಆ ಪಟ್ಟಿಯಲ್ಲಿಲ್ಲ. ಚಾರಿಟಿಗಳ ಮೇಲೆ ನಿಗಾ ಇಡುವ ಚಾರಿಟಿ ಕಮಿಷನ್ ಒಬ್ಬೊಬ್ಬರ ವ್ಯಾಜ್ಯ ಬಗೆಹರಿಸುವುದಿಲ್ಲ.

ಉಳಿದಿರುವುದು ಕೌನ್ಸಿಲ್‌ನ ಹೌಸಿಂಗ್ ಬೆನಿಫಿಟ್ ವಿಭಾಗ. 112 ಪುಟ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟರೆ, ಅವರು ತನಿಖೆ ಮಾಡಬಹುದು. ಮಾಡಿ, ಇಲ್ಲಿ ಸಪೋರ್ಟ್ ಹೆಸರಿಗೆ ಮಾತ್ರ ಇದೆ ಅಂತ ತೀರ್ಮಾನಿಸಬಹುದು. ಆಮೇಲೆ? ಈ ಮನೆಗೆ ಆ ವಿಶೇಷ ಸ್ಥಾನ ಹೋಗುತ್ತದೆ, ಬಾಡಿಗೆ ನೆರವು ಮಿತಿಗೆ ಇಳಿಯುತ್ತದೆ, ನೀವು ಲೀಸ್ ಕೈಬಿಡುತ್ತೀರಿ, ಐವರೂ ಬೀದಿಗೆ. ಕೊನೆಯ ರೂಮಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗನಿದ್ದಾನೆ. ಅನಾಥಾಲಯದಂಥ ವ್ಯವಸ್ಥೆಯಲ್ಲಿ ಬೆಳೆದವನು, ರಾತ್ರಿ ಲೈಟ್ ಹಾಕಿಕೊಂಡೇ ಮಲಗುತ್ತಾನೆ. ನಾನು ನಿಜ ಹೇಳಿದರೆ ಅವನ ಲೈಟು ಆರುತ್ತದೆ. ಹಾಗಾಗಿ ಆ ಕಾಗದದ ಕಟ್ಟು ಇನ್ನೂ ನನ್ನ ಮಂಚದ ಕೆಳಗೇ ಇದೆ. ನಿಮಗೆ ಇದು ಗೊತ್ತಿದೆ ಅಂತಲೇ ನನಗೆ ಅನುಮಾನ. ನಿಮ್ಮ ಮೇಲೆ ದೂರು ಕೊಡಬೇಕಾದವರೆಲ್ಲ ನಿಮ್ಮ ಮನೆಗಳಲ್ಲೇ ಮಲಗುವವರು.

ಇಲ್ಲಿ ನನ್ನ ಕನ್ನಡದ ಗೆಳೆಯರಿಗೆ ಒಂದು ಮಾತು. ಈ ಜಗಳದ ಸುದ್ದಿ ತಿಳಿದಾಗ ಊರಿನ ಕಡೆಯವರೊಬ್ಬರು ಫೋನ್ ಮಾಡಿ, ‘ಉಂಡ ಮನೆಗೆ ಎರಡು ಬಗೆಯಬೇಡ ಮಾರಾಯಾ’ ಅಂದರು. ಎರಡು ದಿನ ಆ ಮಾತು ಗಂಟಲಿಗೆ ಸಿಕ್ಕಿಕೊಂಡಿತ್ತು. ಚಾರಿಟಿ ಅಂದರೆ ದಾನ, ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತ ನಮ್ಮ ತಲೆಯಲ್ಲಿದೆ. ಆದರೆ ಇದು ದಾನ ಅಲ್ಲ. ವಾರಕ್ಕೆ 238 ಪೌಂಡು ನನ್ನ ಹೆಸರಿನಲ್ಲಿ ಸಂದಾಯವಾಗುತ್ತಿದೆ. ಹದಿನೆಂಟು ವರ್ಷ ನಾನು ಕಟ್ಟಿದ ತೆರಿಗೆಯೂ ಅದರಲ್ಲಿದೆ. ಇಂಥ ಹಸುವಿನ ಹಲ್ಲನ್ನು ಎಣಿಸಲೇಬೇಕು. ಇನ್ನೊಂದು, ವೀಸಾದ ಮೇಲೆ ಇರುವ ಹೆಚ್ಚಿನವರಿಗೆ ಈ ನೆರವು ಯಾವುದೂ ಸಿಗುವುದಿಲ್ಲ. ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಅನ್ನುವ ಷರತ್ತು ಇರುತ್ತದೆ. ನನಗೆ ಶಾಶ್ವತ ವಾಸದ ಅನುಮತಿ ಇದ್ದದ್ದರಿಂದ ಇಷ್ಟಾದರೂ ಸಿಕ್ಕಿತು. ಹೋಟೆಲಿನ ಮಹಡಿ ಮೇಲೆ ಮಲಗುವ ನಮ್ಮ ಹುಡುಗರು ಇದನ್ನು ನೆನಪಿಡಲಿ.

ಮತ್ತೆ ನಿಮ್ಮ ಕಡೆಗೆ. ನೋಟಿಸಿನ ಕೊನೆಯಲ್ಲಿ ‘29ನೇ ದಿನ ಬೀಗ ಬದಲಿಸಲಾಗುವುದು’ ಅಂತಿದೆ. ನಾನು ಬಾಡಿಗೆದಾರ ಅಲ್ಲ, ಬರೀ ‘ಲೈಸೆನ್ಸಿ’, ಅಂದರೆ ಇರಲು ಅನುಮತಿ ಮಾತ್ರ ಪಡೆದವನು ಅಂತ ನಿಮ್ಮ ವಾದ. ಆವತ್ತು ರಾತ್ರಿ ಸಹಿ ಹಾಕಿಸಿದ 31 ಪುಟದ ಕಾಗದದ ಮೇಲೆ ಲೈಸೆನ್ಸ್ ಅಂತಲೇ ಇದೆ, ನಿಜ. ಮೈ ನಡುಗುತ್ತಿರುವವನು 31 ಪುಟ ಓದುತ್ತಾನೆಯೇ? ಸಿಟಿಜನ್ಸ್ ಅಡ್ವೈಸ್‌ನ ಅಜ್ಜಿ ನನಗೆ 1985ರ ಒಂದು ತೀರ್ಪಿನ ಕಥೆ ಹೇಳಿದರು. ಸ್ಟ್ರೀಟ್ ವರ್ಸಸ್ ಮೌಂಟ್‌ಫೋರ್ಡ್. ಆಗ ಇಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಲಾರ್ಡ್ ಟೆಂಪಲ್‌ಮನ್ ಅನ್ನುವ ನ್ಯಾಯಮೂರ್ತಿಗಳು ಹೇಳಿದ್ದರಂತೆ: ಐದು ಹಲ್ಲಿರುವ ಅಗೆಯುವ ಸಾಮಾನು ಮಾಡಿ, ನಾನು ಮಾಡಿದ್ದು ಸನಿಕೆ ಅಂತ ಎಷ್ಟು ಸಾಧಿಸಿದರೂ ಅದು ಫೋರ್ಕೇ. ಕಾಗದದ ಮೇಲಿನ ಹೆಸರಲ್ಲ, ಅಸಲಿಗೆ ಏನು ನಡೆಯುತ್ತಿದೆ ಅನ್ನುವುದು ಮುಖ್ಯ. ನನ್ನ ರೂಮಿಗೆ ನನ್ನದೇ ಬೀಗ. ಸಪೋರ್ಟ್ ಕೊಡಲು ಅಂತ ಒಳಗೆ ಬರುವ ಹಕ್ಕು ನಿಮಗಿದೆ ಅಂತ ಕಾಗದ ಹೇಳುತ್ತದೆ. ಆ ಹಕ್ಕನ್ನು ಚಲಾಯಿಸಲು ಒಂದು ವರ್ಷದಿಂದ ಯಾರೂ ಬಂದಿಲ್ಲ. ಹಾಗಾದರೆ ನನ್ನ ಕೈಯಲ್ಲಿರುವುದು ಸನಿಕೆಯೋ ಫೋರ್ಕೋ?

ಇದನ್ನು ಕೋರ್ಟೇ ತೀರ್ಮಾನಿಸಬೇಕು, ನಾನು ವಕೀಲ ಅಲ್ಲ. ಲೈಸೆನ್ಸ್ ಅಂತಲೇ ಇಟ್ಟುಕೊಂಡರೂ, ಮನೆಯಿಂದ ಹೊರಹಾಕುವುದನ್ನು ತಡೆಯುವ 1977ರ ಎವಿಕ್ಷನ್ ತಡೆ ಕಾಯ್ದೆ ಇದೆ. ಕೆಲವು ಬಗೆಯ ಹಾಸ್ಟೆಲ್‌ಗಳಿಗೆ, ಮಾಲೀಕರ ಜೊತೆಗೇ ವಾಸಿಸುವವರಿಗೆ ಅದರಲ್ಲಿ ವಿನಾಯಿತಿ ಉಂಟು. ಆ ವಿನಾಯಿತಿಗೆ ಸೇರದ ಮನೆಗಳಲ್ಲಿ ಕೋರ್ಟ್ ಆದೇಶ ಇಲ್ಲದೆ ಬೀಗ ಬದಲಿಸುವುದು ಅಪರಾಧ. ನಿಮ್ಮ ಐದು ರೂಮಿನ ಮನೆ ಆ ವಿನಾಯಿತಿಗೆ ಸೇರುತ್ತದೆ ಅಂತ ಯಾವ ಆಧಾರದ ಮೇಲೆ ಹೇಳುತ್ತೀರಿ, ಬರೆದು ಕೊಡಿ ಅಂತ ಕೇಳಿದ್ದೇನೆ. ಕೊಟ್ಟಿಲ್ಲ. (ಓದುಗರಿಗೆ: ಮನೆ ಬಿಡಿ ಅಂತ ನೋಟಿಸ್ ಬಂದವರಿಗೆ ಆದಾಯ ನೋಡದೆ ಉಚಿತ ಕಾನೂನು ಸಲಹೆ ಕೊಡುವ ಸರ್ಕಾರಿ ಯೋಜನೆ 2023ರ ಆಗಸ್ಟ್‌ನಿಂದ ಇದೆ. ನಾಚಿಕೆಪಟ್ಟು ಕೂರಬೇಡಿ, ಕಾಗದ ಬಂದ ದಿನವೇ ಹೋಗಿ.)

ನಿಮ್ಮದೊಂದೇ ಸಂಸ್ಥೆ ಹೀಗೆ ಅಂತ ನಾನು ಹೇಳುತ್ತಿಲ್ಲ. ಬ್ರಿಟನ್ನಿನ ಸಂಸತ್ತಿನ ಸಮಿತಿಯೇ 2022ರ ಅಕ್ಟೋಬರ್‌ನಲ್ಲಿ, ಈ ಇಡೀ ವ್ಯವಸ್ಥೆ ಪೂರ್ತಿ ಗೋಜಲಾಗಿದೆ ಅಂತ ವರದಿ ಕೊಟ್ಟಿತು. ಬರ್ಮಿಂಗ್‌ಹ್ಯಾಮ್ ಒಂದರಲ್ಲೇ ಇಂಥ ಮನೆಗಳಲ್ಲಿರುವವರು ಸಾವಿರಾರು ಜನ. 2023ರಲ್ಲಿ ಸಪೋರ್ಟೆಡ್ ಹೌಸಿಂಗ್‌ಗೆ ಅಂತಲೇ ಒಂದು ಕಾಯ್ದೆ ಬಂತು. ತಂದವರು ಹ್ಯಾರೋ ಈಸ್ಟ್‌ನ ಸಂಸದ ಬಾಬ್ ಬ್ಲ್ಯಾಕ್‌ಮನ್. ನಾನು ಮೇಲೆ ಹೇಳಿದ 2017ರ ಕಾಯ್ದೆಯನ್ನು ಮಂಡಿಸಿದವರೂ ಅವರೇ. ಈ ಮನೆಗಳಿಗೆ ರಾಷ್ಟ್ರೀಯ ಮಟ್ಟದ ಮಾನದಂಡ ಇರಬೇಕು, ಕೌನ್ಸಿಲ್ ಲೈಸೆನ್ಸ್ ಕೊಡಬೇಕು ಅನ್ನುವುದು ಅದರ ತಿರುಳು. ಕಾಯ್ದೆ ಬೇಗ ಬಂತು, ನಿಯಮಗಳು ಎತ್ತಿನಗಾಡಿಯಲ್ಲಿ ಬರುತ್ತಿವೆ. ಅವು ಬರುವವರೆಗೆ ನೀವು ಕಾಯಬೇಕಾಗಿಲ್ಲ ಅಲ್ವಾ? ಮಾಡದ ಕೆಲಸವನ್ನು ಮಾಡಿದೆವು ಅಂತ ಬರೆಯದಿರಲು ಯಾವ ಲೈಸೆನ್ಸ್ ಬೇಕು?

ನನಗೆ ಪರಿಹಾರದ ಹಣ ಬೇಡ. ಕ್ಷಮಾಪಣೆ ಪತ್ರವೂ ಬೇಡ, ಅದನ್ನೂ ಕಂಪ್ಯೂಟರೇ ಬರೆಯುತ್ತದೆ. ನನ್ನ ಫೈಲ್ ತಿದ್ದಿ. ತಪ್ಪು ಮಾಹಿತಿಯನ್ನು ಸರಿಪಡಿಸಿ ಅಂತ ಕೇಳುವ ಹಕ್ಕು ನನಗಿದೆ, ಲಿಖಿತವಾಗಿ ಕೇಳಿದ್ದೇನೆ. ನಡೆಯದ ಭೇಟಿಗಳ ಮುಂದೆ ‘ನಡೆದಿಲ್ಲ’ ಅಂತ ಬರೆಯಿರಿ. ‘ಕೆಲಸಕ್ಕೆ ಸಿದ್ಧರಿಲ್ಲ’ ಅನ್ನುವಲ್ಲಿ, ಕೆಲಸ ಬೇಡ ಅಂತ ಹೇಳಿದ್ದು ಯಾರು ಅಂತ ಬರೆಯಿರಿ. ‘ಸಪೋರ್ಟಿಗೆ ಸ್ಪಂದಿಸುತ್ತಿಲ್ಲ’ ಅನ್ನುವ ನೋಟಿಸ್ ವಾಪಸ್ ತೆಗೆದುಕೊಳ್ಳಿ, ಯಾಕೆಂದರೆ ಆ ಒಂದು ಸಾಲು ನೋಡಿದರೆ ಕೌನ್ಸಿಲ್ ನನ್ನನ್ನು ‘ಬೇಕಂತಲೇ ಮನೆ ಕಳೆದುಕೊಂಡವನು’ ಅಂತ ಗುರುತು ಹಾಕಬಹುದು. ಆ ಗುರುತು ಬಿದ್ದರೆ ಅಳಿಸುವುದು ಕಷ್ಟ. 67ನೇ ಪುಟದಲ್ಲಿ ಅನ್ನ ಅಂತಿರುವುದನ್ನು ಹೊಡೆದುಹಾಕಿ, ವೃತ್ತಿ ಅನ್ನುವ ಖಾಲಿ ಜಾಗದಲ್ಲಿ ‘ಅಡುಗೆಯವರು’ ಅಂತ ತುಂಬಿ.

ಕೀ ವರ್ಕರ್‌ಗೆ ಜನ ಸಾಲುತ್ತಿಲ್ಲ ಅಂದರೆ ಅದನ್ನು ಕೌನ್ಸಿಲ್‌ಗೆ ನೀವೇ ಹೇಳಿ. ಐದು ಮನೆ ನಡೆಸುವ ಶಕ್ತಿ ಇಲ್ಲದಿದ್ದರೆ ಮೂರು ನಡೆಸಿ. ನಾವು ಐವರೂ ನಿಮ್ಮ ಜೊತೆ ಬಂದು ಕೌನ್ಸಿಲ್ ಮುಂದೆ ನಿಲ್ಲುತ್ತೇವೆ, ಕೇಳಿ ನೋಡಿದ್ದೇನೆ, ಆ ಹುಡುಗನೂ ಸೇರಿ ಎಲ್ಲರೂ ಒಪ್ಪಿದ್ದಾರೆ.

ನೋಟಿಸಿನ ಅವಧಿ ಮುಗಿಯಲು ಇನ್ನೂ ಎರಡು ಮಂಗಳವಾರ ಇವೆ. ಹನ್ನೊಂದು ಗಂಟೆಗೆ ನನ್ನ ಸಪೋರ್ಟ್ ಸೆಷನ್. ನಿಮ್ಮಲ್ಲಿ ಯಾರಾದರೂ ಒಬ್ಬರು ಬನ್ನಿ, ಮೆಸೇಜು ಬೇಡ. ಬಚ್ಚಲಿನ ಗೋಡೆ ನೋಡಿ, ಫೈಲ್ ಓದೋಣ. ಕರಾವಳಿಯಿಂದ ಗೆಳೆಯ ತಂದ ಕುಚ್ಚಲಕ್ಕಿ ಸ್ವಲ್ಪ ಉಳಿದಿದೆ. ಅದು ಬೇಯಲು ಮುಕ್ಕಾಲು ಗಂಟೆಯೇ ಬೇಕು.

ಇಂತಿ,
ಮೂರನೇ ರೂಮಿನ ಅಡುಗೆಯವನು